ಆಯಿ ಹೇಳಿದ್ದು, ನಾನು ಹೇಳಿದ್ದು

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಅಂಗಡಿಯವನು ಬಾಗಿಲಿಗೆ ಲಾವಂಚದ ಪರದೆ ಕಟ್ಟಿ ಅದಕ್ಕೆ ಮಗ್ಗಿನಿಂದ ನೀರು ಎರಚುತ್ತಿದ್ದ. ಒದ್ದೆ ಬೇರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಸ್ಕೂಟರಿನವನು "ಅಕ್ಕಾರ, ಸ್ವಲ್ಪ ಸರೀರಿ" ಎಂದು ಕೂಗಿದರೂ ಕಾಲು ಬರಲಿಲ್ಲ. ನನಗೆ ಒಂಬತ್ತು ವರ್ಷವಾಗಿತ್ತು, ವಿಜಯವಾಡದಲ್ಲಿದ್ದೆ, ಮಧ್ಯಾಹ್ನದ ಎರಡು ಗಂಟೆ. ಕಿಟಕಿಗಳಿಗೆಲ್ಲ ಲಾವಂಚದ ತಟ್ಟಿ ಇಳಿಬಿಟ್ಟ ಬಾಡಿಗೆ ಮನೆ, ಒಳಗೆ ಹಸಿರು ಬಣ್ಣದ ಮಬ್ಬು, ಆಟೋನಗರದ ಕಡೆಯಿಂದ ಲಾರಿಗಳ ತಗಡು ಬಡಿಯುವ ಸದ್ದು, ನೆಲದ ಮೇಲೆ ಬರಿಯ ಬಂಡೆಗೆ ಬೆನ್ನು ಹಚ್ಚಿ ಮಲಗಿದ ನಮ್ಮ ಆಯಿ. ಆ ಮನೆ ಈಗಿಲ್ಲ, ಅಲ್ಲಿ ಏನೋ ಕಾಂಪ್ಲೆಕ್ಸ್ ಎದ್ದಿದೆಯಂತೆ. ಮನೆಯ ಮಂದಿಯಲ್ಲಿ ಉಳಿದವಳು ನಾನೊಬ್ಬಳೇ.

ಆಯಿ ಎಂದರೆ ಅಪ್ಪನ ತಾಯಿ, ಎಸ್ತೇರವ್ವ. ಬೆಟಗೇರಿಯವಳು. ಅಪ್ಪ ಬ್ಯಾಂಕಿನಲ್ಲಿ ಆಫೀಸರಾಗಿ ವಿಜಯವಾಡಕ್ಕೆ ವರ್ಗವಾಗಿ ಬಂದ ಮರುವರ್ಷ ಅಜ್ಜ ತೀರಿಕೊಂಡ, ಆಯಿ ಒಂದು ಟ್ರಂಕು, ಒಂದು ಕೀರ್ತನೆ ಪುಸ್ತಕ, ಒಂದು ಡಬ್ಬಿ ಶೇಂಗಾ ಚಟ್ನಿಯೊಂದಿಗೆ ನಮ್ಮ ಮನೆಗೆ ಬಂದಳು. ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ಆದರೆ ಬೆಟಗೇರಿಯ ಕ್ರೈಸ್ತರಿಗೂ ವಿಜಯವಾಡದ ಕ್ರೈಸ್ತರಿಗೂ ಎಷ್ಟೊಂದು ಫರಕು! ಊರಲ್ಲಿ ಎಳೆ ಕೂಸಿದ್ದಾಗಲೇ ಪಾದ್ರಿ ತಲೆಗೆ ಮೂರು ಸಲ ನೀರು ಚಿಮುಕಿಸಿದರೆ ದೀಕ್ಷಾಸ್ನಾನ ಮುಗಿಯಿತು, ಆಮೇಲೆ ಭಾನುವಾರ ಹೋಗುವುದು, ಹಾಡುವುದು, ಸತ್ತಾಗ ಪರಲೋಕ. ಇಲ್ಲಿ ಹಾಗಿಲ್ಲ. ನಾವು ಹೋಗುತ್ತಿದ್ದ ತೆಲುಗು ಸಭೆಯಲ್ಲಿ ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದು ಚಾಪೆಯ ಮೇಲೆ ಕೂರುತ್ತಿದ್ದರು, ಹೊಸದಾಗಿ ಪರಿಚಯವಾದವರು ಊರು, ಹೆಸರಿನ ನಂತರ ಕೇಳುತ್ತಿದ್ದ ಮೂರನೆಯ ಪ್ರಶ್ನೆಯೇ "ರಕ್ಷಣ ಪೊಂದಾರಾ?" ರಕ್ಷಣೆ ಹೊಂದಿದ್ದೀರಾ? ಹೌದೆಂದರೆ, ಯಾವ ತಾರೀಖು? ಪಾಪಗಳು ಕ್ಷಮಿಸಲ್ಪಟ್ಟವು, ಇನ್ನು ಸತ್ತರೂ ಪರಲೋಕ ಖಚಿತ ಎಂಬ ನಿಶ್ಚಯ ಎದೆಗೆ ಬಂದ ದಿನ. ಅದಕ್ಕೆ ಗುರುತಾಗಿ ನೀರಲ್ಲಿ ಪೂರ್ತಿ ಮುಳುಗಿ ಏಳಬೇಕು. ನಮ್ಮವ್ವನಿಗೆ ಅಲ್ಲಿ ತಾರೀಖು ಸಿಕ್ಕಿತು. ಕೃಷ್ಣೆಯ ಕಾಲುವೆಯಲ್ಲಿ ಮುಳುಗೆದ್ದು ಬಂದವಳ ಮುಖದ ಕಳೆ ಈಗಲೂ ಕಣ್ಣಿಗೆ ಕಟ್ಟಿದೆ, ಸುಳ್ಳು ಹೇಳಲಾರೆ. ಅಪ್ಪ ಮಾತ್ರ ಪೇಪರಿನ ಹಿಂದಿನಿಂದ, "ನಿಮ್ಮ ದೇವರ ಆಫೀಸಿನ್ಯಾಗ ಭಾರೀ ಫಾರ್ಮ್ ತುಂಬೂದೈತಿ ಬಿಡು" ಎಂದು ಅವ್ವನನ್ನು ಕೆಣಕುತ್ತಿದ್ದ.

ನನಗೆ ತಾರೀಖಿರಲಿಲ್ಲ. ಎಷ್ಟು ಸಲ ಪ್ರಯತ್ನಿಸಿದೆನೋ! ಸಂಡೇ ಸ್ಕೂಲಿನಲ್ಲಿ ರಕ್ಷಣೆ ಬೇಕೆಂದು ಕೈ ಎತ್ತಿದೆ, ಕಣ್ಣೀರಿಟ್ಟೆ, ಮನೆಗೆ ಬಂದು ಪಕ್ಕದ ಮನೆಯ ಹುಡುಗಿಯ ರಬ್ಬರು ಕದ್ದಿದ್ದನ್ನು ವಾಪಸು ಕೊಟ್ಟೆ. ಎರಡು ದಿನ ಎದೆ ಹಗುರಾಗುತ್ತಿತ್ತು, ಮೂರನೆಯ ದಿನ ಅದೇ ಹುಡುಗಿಯ ಹತ್ತಿರ ಜಗಳಾಡಿ ಎಲ್ಲ ಮಣ್ಣುಪಾಲು. ಮೊದಲಿನಿಂದಲೂ ನಾನು ಒಂದು ಕಡೆ ಕೂರುವ ಜೀವವಲ್ಲ. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಮಗುವಿಗೆ, ಪರಲೋಕದ ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ಎದ್ದು ನೋಡುವುದಾದರೂ ಹೇಗೆ? ಆಯಿಗೆ ಈ ತಾಪತ್ರಯ ಒಂದಿಷ್ಟೂ ಇರಲಿಲ್ಲ. ಸಾವಿನ ಮಾತು ಬಂದರೆ ತವರಿಗೆ ಹೋಗುವ ಹೆಣ್ಣುಮಗಳ ಹಾಗೆ ಮಾತಾಡುತ್ತಿದ್ದಳು. "ಅಲ್ಲಿ ನಮ್ಮವ್ವ ಅದಾಳ, ನಿಮ್ಮಜ್ಜ ಅದಾನ, ನಾ ಹೋದಮ್ಯಾಲೆ ಮೊದಲ ಆ ಮುದುಕನ ಅಂಗಿ ಗುಂಡಿ ನೋಡಬೇಕು" ಎಂದು ರೊಟ್ಟಿ ಬಡಿಯುತ್ತ ಹೇಳುವಳು. ಅದನ್ನು ಕೇಳುತ್ತ ಕೂತರೆ ನನಗೂ ಸ್ವಲ್ಪ ಹೊತ್ತು ಸಮಾಧಾನ.

ಆಯಿಗೆ ತೆಲುಗು ಬರುತ್ತಿರಲಿಲ್ಲ. ಅವಳ ದುಭಾಷಿ ನಾನು. ಶಾಲೆ, ಓಣಿ, ಆಟ ಎಲ್ಲ ತೆಲುಗಿನಲ್ಲೇ ನಡೆದು ನನ್ನ ಕನ್ನಡ ಅಡುಗೆಮನೆ ಮತ್ತು ಆಯಿಯ ಮಡಿಲಿಗಷ್ಟೇ ಉಳಿದಿತ್ತು. ಆದರೂ ನನಗೆ ಜಂಬ. ಒಂದು ಶನಿವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾಕೂಟ. ಹತ್ತು ಹದಿನೈದು ಹೆಂಗಸರು, ನಡುವೆ ಪಾದ್ರಿ, ಎಲ್ಲರೂ ಅಯ್ಯಗಾರು ಎನ್ನುತ್ತಿದ್ದ ಬಿಳಿ ಅಂಗಿಯ ಮೃದು ಮನುಷ್ಯ. ಅವ್ವ ಒಳಗೆ ಕಾಫಿ ಸೋಸುತ್ತಿದ್ದಳು. ಅಯ್ಯಗಾರು ಆಯಿಯ ಕಡೆ ತಿರುಗಿ ನನ್ನ ಮೂಲಕ ಕೇಳಿದರು: ಅಮ್ಮಾ, ನೀವೂ ರಕ್ಷಣೆ ಹೊಂದಿ ನೀರಿಗಿಳಿಯಬಾರದೇ? ನಾನು ಕನ್ನಡದಲ್ಲಿ ಹೇಳಿದೆ. ಆಯಿಗೆ ಮನಸ್ಸಿರಲಿಲ್ಲ. ಒಮ್ಮೆ ಆದ ದೀಕ್ಷಾಸ್ನಾನವನ್ನು ಮತ್ತೊಮ್ಮೆ ಮಾಡಿಸಿಕೊಂಡರೆ ಮೊದಲಿನದು ಸುಳ್ಳು ಎಂದಂತೆ, ಅದು ದೇವರಿಗೇ ಮಾಡಿದ ಅವಮಾನ ಎಂದು ಅವಳ ಸಭೆಯಲ್ಲಿ ಕಲಿಸಿದ್ದರು. ಆದರೆ ಪಾದ್ರಿಯ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದು ನಮ್ಮ ಕಡೆಯ ರೀತಿಯಲ್ಲ. ಹಿರಿಯರಿಗೆ ಬೇಡ ಎನ್ನುವಾಗ ನಮ್ಮ ಮಂದಿ ಮುಂದೂಡುತ್ತಾರೆ. ಆಯಿ ಕೈಮುಗಿದು ನಕ್ಕು, "ಅವಸರ ಇಲ್ಲರೀ ಅಂತ ಹೇಳವಾ" ಎಂದಳು. ನಾನು ಒಂದು ಕ್ಷಣವೂ ತಡೆಯದೆ, ಠೀವಿಯಿಂದ ಹೇಳಿದೆ: "ಅವಸರಂ ಲೇದಂಟ."

ಕೋಣೆಯಲ್ಲಿ ಬೀಸಣಿಗೆಗಳು ನಿಂತವು. ಅಯ್ಯಗಾರು ಕಣ್ಣು ಮುಚ್ಚಿದರು. ಒಬ್ಬಾಕೆ "ಪ್ರಭುವಾ!" ಎಂದು ಉಸಿರೆಳೆದಳು. ಕಾಫಿ ತಂದ ಅವ್ವನಿಗೆ ಯಾರೋ ಕಿವಿಯಲ್ಲಿ ಏನೋ ಹೇಳಿದರು, ಅವಳ ಮುಖ ಕಪ್ಪಿಟ್ಟಿತು. ಅಂದಿನಿಂದ ವಾರವಾರವೂ ಸಭೆಯಲ್ಲಿ ಕಠಿಣ ಹೃದಯದ ಆ ಮುದುಕಿಗಾಗಿ ಪ್ರಾರ್ಥನೆ ಶುರುವಾಯಿತು. ಎಸ್ತೇರಮ್ಮ ಎಂಬ ಹೆಸರು ಕೇಳಿ ಆಯಿ, ತನ್ನ ಮಂಡಿನೋವಿಗೆ ಬೇಡಿಕೊಳ್ಳುತ್ತಿದ್ದಾರೆಂದು ತಿಳಿದು ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನುತ್ತಿದ್ದಳು. "ಭಾಳ ಚಲೋ ಮಂದಿ ನೋಡು" ಎಂದು ದಾರಿಯಲ್ಲಿ ನನಗೆ ಹೇಳುವಳು.

ಆ ಪ್ರಾರ್ಥನೆಗೆಲ್ಲ ನನ್ನ ಮಾತೇ ಕಾರಣವೆಂದು ನನಗೂ ಗೊತ್ತಾಗಿರಲಿಲ್ಲ. ಗೊತ್ತಾದದ್ದು ತರಕಾರಿ ಗಾಡಿಯ ಮುಂದೆ. ಬದನೆಕಾಯಿ ಕೊಂಡು ನಿಂತ ಆಯಿಗೆ ಗಾಡಿಯವನು ದೊಣ್ಣೆಮೆಣಸು ತೋರಿಸಿ, "ಅವಸರಂ ಲೇದಾ ಅಮ್ಮಾ?" ಎಂದ. ಆಯಿ ಧಾರಾಳವಾಗಿ, "ಅವಸರ ಏನಿಲ್ಲಪಾ, ಸಾವಕಾಶ ತೂಗು" ಎಂದಳು. ಅವನು ದೊಣ್ಣೆಮೆಣಸನ್ನು ಬುಟ್ಟಿಗೆ ವಾಪಸು ಹಾಕಿ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟ. "ಏ, ಎಲ್ಲಿಗೆ ಹೊಂಟಿ ಮಾರಾಯಾ?" ಎಂದು ಆಯಿ ಕೂಗುತ್ತಿದ್ದರೆ ನನಗೆ ಥಟ್ಟನೆ ಹೊಳೆಯಿತು. ತೆಲುಗಿನಲ್ಲಿ ಅವಸರ ಎಂದರೆ ಬೇಕಾದದ್ದು, ಅಗತ್ಯ. ಆತುರವಲ್ಲ. ಆಯಿ ಆತುರವಿಲ್ಲ ಎಂದದ್ದನ್ನು ನಾನು, ದೇವರ ರಕ್ಷಣೆಯೇ ನನಗೆ ಬೇಕಿಲ್ಲ ಎಂದು ಇಡೀ ಸಭೆಯ ಮುಂದೆ ಹೇಳಿದ್ದೆ. ಅಯ್ಯೋ ದೇವರೇ! ಅವಳ ಹೆಸರು ಪರಲೋಕದ ಜೀವದ ಪುಸ್ತಕದಿಂದ ಹೊಡೆದುಹೋಗಿದ್ದರೆ ಹೊಡೆದವಳು ನಾನೇ.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಒಂಬತ್ತು ವರ್ಷದವಳಿಗೆ ಅದು ಆಗಲಿಲ್ಲ. ಅಯ್ಯಗಾರು ನನ್ನ ತೆಲುಗು ಮೆಚ್ಚಿ ತಲೆ ಸವರಿದ್ದರು, ಅವ್ವ ಆಯಿಯೊಡನೆ ಮಾತು ಕಡಿಮೆ ಮಾಡಿದ್ದಳು, ಈಗ ಬಾಯಿ ಬಿಟ್ಟರೆ ಎಲ್ಲರ ಕೋಪವೂ ನನ್ನ ಮೇಲೆ ಎಂಬ ಹೆದರಿಕೆ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ಎರಡು ವರ್ಷ ಕಳೆದೆ. ಅಷ್ಟರಲ್ಲಿ ಅಪ್ಪನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ದಿಬ್ಬದ ಮೇಲೊಂದು ಮನೆ, ಮಾಳಿಗೆ ಹತ್ತಿದರೆ ಸಮುದ್ರ. ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಬೆಟಗೇರಿಯಿಂದ ಬಂದ ಆಯಿ ಅದನ್ನು ನೋಡಿ, "ಇಷ್ಟ ನೀರು ಯಾತಕ್ಕ?" ಎಂದು ಬೈದಂತೆ ಕೇಳಿದಳು. ಅವಳಿಗೆ ಸಮುದ್ರವೆಂದರೆ ಜೀವ ಹೋಗುವಷ್ಟು ಭಯ. ನಾವು ದಂಡೆಯಲ್ಲಿ ಆಡಿದರೆ ಅವಳು ಮೇಲಿನ ರಸ್ತೆಯ ಕಟ್ಟೆಯಲ್ಲೇ ಕೂರುವಳು, ತೆರೆಯ ತುದಿ ಕಾಲಿಗೆ ತಾಗಲೂ ಬಿಡುತ್ತಿರಲಿಲ್ಲ. ಅಲ್ಲಿಯೂ ಅದೇ ಬಗೆಯ ಸಭೆ, ಅದೇ ಪ್ರಶ್ನೆ. ಅಲ್ಲಿ ಯೇಸು ಯಾವ ಕ್ಷಣದಲ್ಲಾದರೂ ಬರುತ್ತಾನೆ, ರಕ್ಷಣೆ ಹೊಂದಿದವರು ಇದ್ದಲ್ಲಿಂದಲೇ ಮೇಲಕ್ಕೆ ಎತ್ತಲ್ಪಡುತ್ತಾರೆ, ಉಳಿದವರು ಉಳಿದೇಹೋಗುತ್ತಾರೆ ಎಂಬ ಬೋಧನೆ ಹೆಚ್ಚು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದೆ. ಬಾಗಿಲು ತೆರೆದಿತ್ತು. ಅವ್ವನ ಚಪ್ಪಲಿ ಹೊಸ್ತಿಲಲ್ಲಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ಅರ್ಧ ಹೆಚ್ಚಿದ ಬೆಂಡೆಕಾಯಿಯ ಪಕ್ಕ ಈಳಿಗೆ. "ಅವ್ವಾ" ಎಂದೆ, ಉತ್ತರವಿಲ್ಲ. ಒಂದೊಂದೇ ಕೋಣೆ ನೋಡುತ್ತ ಹಿಂದಿನ ಬಾಗಿಲಿಗೆ ಓಡಿದೆ. ಹಿತ್ತಿಲಲ್ಲಿ ಆಯಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅವ್ವ ಎತ್ತಲ್ಪಟ್ಟಿದ್ದಾಳೆ, ಉಳಿದವರು ನಾವಿಬ್ಬರು. ನಾನು ಉಳಿದದ್ದು ನನ್ನ ಕರ್ಮ, ಆಯಿ ಉಳಿದದ್ದು ನನ್ನಿಂದ. ಅವಳ ಮಡಿಲಿಗೆ ಬಿದ್ದು ಬೊಬ್ಬೆ ಹೊಡೆದೆ. "ಯಾಕ ಅಳಾಕತ್ತಿ, ಏನಾತು, ಹೇಳು" ಎಂದು ಅವಳು ಬೆನ್ನು ಸವರುತ್ತಿದ್ದರೆ ಬಿಕ್ಕುತ್ತ ಬಿಕ್ಕುತ್ತ ಎಲ್ಲ ಹೇಳಿದೆ: ಅವಸರ, ಅವಸರಂ, ಅಯ್ಯಗಾರು, ದೊಣ್ಣೆಮೆಣಸು. ಅಷ್ಟರಲ್ಲಿ ಅವ್ವ ಪಕ್ಕದ ಮನೆಯಿಂದ ಬರಿಗಾಲಲ್ಲಿ ಓಡಿ ಬಂದಳು, ಅಪ್ಪನ ಫೋನು ಬಂದಿತ್ತಂತೆ. ನಮ್ಮಿಬ್ಬರ ಕಡೆ ತಿರುಗಿಯೂ ನೋಡದೆ, "ಅಯ್ಯೋ ಹಾಲು!" ಎಂದು ಒಳಗೋಡಿದಳು.

ಆಯಿ ಮೊದಲು ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ನನ್ನ ಮುಖ ಹಿಡಿದು, "ಇಷ್ಟ ದಿನ ಇದನ್ನ ಹೊಟ್ಟ್ಯಾಗ ಇಟ್ಕೊಂಡಿದ್ದೇನ ಹುಚ್ಚಿ? ನೀ ತೆಲುಗಿನ್ಯಾಗ ಏನರ ಹೇಳು, ನಾ ಹೇಳಿದ್ದು ಕನ್ನಡದಾಗ. ದೇವರಿಗೆ ಕನ್ನಡ ಬರೂದಿಲ್ಲೇನ?" ಎಂದಳು. ಯಾರಿಗಾದರೂ ಅಷ್ಟು ಸಾಕು. ನನಗೆ ಸಾಲಲಿಲ್ಲ. "ಬರತದ ಆಯಿ, ಆದ್ರ ನೀ ಮುಳುಗಿಲ್ಲಲ್ಲ" ಎಂದೆ. ಆಮೇಲೂ ವಾರಗಟ್ಟಲೆ ಅದನ್ನೇ ಕೇಳಿದೆ. ಉಣ್ಣುವಾಗ, ಜಡೆ ಹಾಕಿಸಿಕೊಳ್ಳುವಾಗ, ಸಿಂಹಾಚಲಂ ಬೆಟ್ಟದ ಸಂಪಿಗೆ ಮಾರುವವಳ ಮುಂದೆ ನಿಂತಾಗ, "ಆಯಿ, ನಿನಗ ಖಾತ್ರಿ ಐತಿಲ್ಲ? ಖರೇನ ಖಾತ್ರಿ?" ಅವಳು ಪ್ರತಿ ಸಲವೂ ಐತಿ ಎಂದಳು. ನಾನು ಊಟ ಬಿಟ್ಟು ಸೊರಗುತ್ತಿದ್ದೆ, ಮಲಗಿದರೆ ಬೆಚ್ಚಿ ಏಳುತ್ತಿದ್ದೆ. ಅವಳು ನನ್ನನ್ನೇ ನೋಡುತ್ತ ಕೂರುತ್ತಿದ್ದಳು.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಆಯಿ ತಾನಾಗಿಯೇ ಅವ್ವನಿಗೆ, ನೀರಿಗಿಳಿಯುತ್ತೇನೆ ಎಂದಳು. ಅವ್ವ ಕುಣಿದಾಡಿದಳು. ನಾನಂತೂ ನೆಲದ ಮೇಲಿರಲಿಲ್ಲ: ನನ್ನ ಆಯಿಗೆ ಕೊನೆಗೂ ಮನವರಿಕೆಯಾಯಿತು! ಭಾನುವಾರ ಬೆಳಗಿನ ಬಿಸಿಲಲ್ಲಿ ಬಂಡೆಗಳ ಮರೆಯ ದಂಡೆಗೆ ಹೋದೆವು. ಬಿಳಿ ಸೀರೆಯ ಆಯಿಯನ್ನು ಇಬ್ಬರು ಹಿಡಿದು ನಡೆಸಿದರು. ಮೊದಲ ತೆರೆ ಪಾದಕ್ಕೆ ಬಂದಾಗ ಅವಳು ಮಗುವಿನ ಹಾಗೆ ಹಿಂದೆ ಸರಿದಳು, ಮತ್ತೆ ಕಾಲಿಟ್ಟಳು. ಮೊಣಕಾಲು, ಸೊಂಟ. ಪಾದ್ರಿ ನಂಬುತ್ತೀರಾ ಎಂದು ಕೇಳಿದ್ದನ್ನು ನಾನು ದಂಡೆಯಿಂದ ಕನ್ನಡದಲ್ಲಿ ಕೂಗಿದೆ. "ಹೌದು" ಎಂದಳು. ನಾನು "ಅವುನು" ಎಂದು ಕೂಗಿದೆ, ಈ ಸಲ ತಪ್ಪಿಲ್ಲದೆ. ಅವಳು ನೀರೊಳಗೆ ಹೋದಳು, ಮೇಲೆ ಬಂದಳು. ಅಂದು ನಾನು ಸತ್ತಂತೆ ಮಲಗಿದೆ. ಎರಡು ವರ್ಷದ ಮೇಲೆ, ಚಳಿಗಾಲದ ಒಂದು ಮುಂಜಾನೆ ಆಯಿ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಾಗ ನಾನು ಅತ್ತೆ, ಆದರೆ ಹೆದರಲಿಲ್ಲ. ಅವಳು ಎಲ್ಲಿಗೆ ಹೋದಳೆಂದು ನನಗೆ ಗೊತ್ತಿತ್ತು.

ಅವ್ವ ತೀರಿಕೊಳ್ಳುವ ಕೆಲವು ತಿಂಗಳ ಮೊದಲು, ಅವರೆಕಾಳು ಸುಲಿಯುತ್ತ, ಏನೋ ಮಾತಿಗೆ ಈ ಮಾತು ತೆಗೆದಳು. "ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು ನಿಮ್ಮಾಯಿ. ನೀರಿಗೆ ಇಳಿಯೂ ಹಿಂದಿನ ದಿನ ನನ್ನ ಕೂಡಿಸ್ಕೊಂಡು ಅಂದ್ಲು: ನನಗ ಇದು ಬೇಕಾಗಿಲ್ಲ, ನನ್ನ ಮೊದಲಿನ ದೀಕ್ಷಾಸ್ನಾನ ಖರೇ ಐತಿ. ಇದು ಹುಡುಗಿ ಸಲುವಾಗಿ. ಆಕಿ ಒಣಗಾಕತ್ಯಾಳ. ಇದರಿಂದ ದೇವರಿಗೆ ಸಿಟ್ಟು ಬಂದ್ರ ಹೋದಮ್ಯಾಲೆ ನಾ ಮಾತಾಡ್ಕೋತೀನಿ." ನಾನು ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದೆ. ನಿನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. "ಬಂದಿತ್ತು. ಸುಳ್ಳು ಸ್ನಾನ ಅನ್ನಿಸಿತ್ತು. ಈಗ ವಯಸ್ಸಾದಮ್ಯಾಲೆ ಅನ್ನಸ್ತದ, ನಮ್ಮ ಸಭೆಯವರಿಗೆಲ್ಲಾ ತಾರೀಖಿತ್ತು, ದೇವರ ಕೂಡ ಹಂಗ ಮಾತಾಡ್ಕೋತೀನಿ ಅನ್ನೂವಷ್ಟು ಸಲಿಗಿ ಆಕಿಗಷ್ಟ ಇತ್ತು." ಅವ್ವ ಮತ್ತೆ ಸುಲಿಯತೊಡಗಿದಳು.

ಅಂದಿನಿಂದ ನನಗೆ ಮತ್ತೆ ಅದೇ ಚಡಪಡಿಕೆ. ಅವಳು ಪಾಪವೆಂದು ತಿಳಿದದ್ದನ್ನು ನನಗಾಗಿ ಮಾಡಿದಳು, ಹೆದರಿಕೆಯ ನೀರಿಗೆ ನನಗಾಗಿ ಇಳಿದಳು, ನಾನು ದಂಡೆಯಲ್ಲಿ ನಿಂತು ಕುಣಿದೆ. ನನಗೆ ಇಂದಿಗೂ ತಾರೀಖಿಲ್ಲ. ಪರಲೋಕವಿದ್ದರೆ ಆಯಿ ಅಲ್ಲಿದ್ದಾಳೆ ಎಂಬುದೊಂದರಲ್ಲಿ ಮಾತ್ರ ಅನುಮಾನವಿಲ್ಲ, ಉಳಿದದ್ದನ್ನೆಲ್ಲ ಎದ್ದು ಎದ್ದು ನೋಡುತ್ತಲೇ ಇದ್ದೇನೆ. ಅಂದು ಅವಳು ನೀರಿನಿಂದ ಬಂದಾಗ ಹಲ್ಲು ಕಟಕಟ ಅನ್ನುತ್ತಿದ್ದವು, ಬಿಳಿ ಕೂದಲು ಮುಖಕ್ಕೆ ಅಂಟಿತ್ತು. ಸುತ್ತಲಿನವರು ಹಾಡುತ್ತಿದ್ದರು, ಅವ್ವ ಟವೆಲು ಹೊದಿಸುತ್ತಿದ್ದಳು. ಅವಳು ಯಾರನ್ನೂ ನೋಡದೆ, ಗುಂಪಿನಲ್ಲಿ ನನ್ನನ್ನು ಹುಡುಕಿ ಹತ್ತಿರ ಬಂದು, ತಣ್ಣಗಿನ ಕೈಯನ್ನು ನನ್ನ ಕೆನ್ನೆಗಿಟ್ಟು ಕೇಳಿದಳು, "ಈಗ ಸಮಾಧಾನ ಆತಿಲ್ಲ ನಿನಗ?"

ನಾನು "ಹೂಂ ಆಯಿ" ಎಂದೆ. ಈಗ ಕೇಳಿದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಹಾಗೆ ಕೇಳುವವರು ಈ ಲೋಕದಲ್ಲಿ ಯಾರೂ ಉಳಿದಿಲ್ಲ.