ಗಾಣದ ಎಣ್ಣಿ, ಗಾಡಿಯ ಎಂಜಿನ್ನು

ಶಿರಹಟ್ಟಿಯಲ್ಲಿ ನನ್ನ ಗ್ಯಾರೇಜು ಇದ್ದ ಕಾಲ. ಲಕ್ಷ್ಮೇಶ್ವರದ ಗಾಣದ ಸಾಹುಕಾರರೊಬ್ಬರು ಎರಿ ಮಣ್ಣಿನ ಹೊಲದ ದಾರಿಯಲ್ಲಿ ಓಡಿಸುತ್ತಿದ್ದ ಮೋಟಾರ್‌ಸೈಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಎಂಜಿನ್ ಜಾಮ್ ಆಗಿತ್ತು. ಮೈಭಾರವೆಲ್ಲ ಹಾಕಿ ತುಳಿದರೂ ಕಿಕ್ ಇಳಿಯಲಿಲ್ಲ.

ಆ ಗಾಡಿಗೆ ಎಂಜಿನ್ ಎಣ್ಣೆ ಬೆರೆಸದೆ ಪೆಟ್ರೋಲ್ ಹಾಕುವಂತಿಲ್ಲ. "ಪೆಟ್ರೋಲಿನಾಗ ಎಣ್ಣಿ ಹಾಕಿದ್ರೋ ಇಲ್ಲೋ?" ಎಂದೆ.

"ಒಂದು ಹನಿ ಕಡಿಮಿ ಇಲ್ಲ," ಎಂದರು, ಮೀಸೆ ಮೇಲೆ ಕೈಯಿಟ್ಟು.

ಪ್ಲಗ್ ಬಿಚ್ಚಿ ಮೂಸಿದೆ. ರೋಗ ಗೊತ್ತಾಯಿತು. ಆದರೆ ನಾನು ಹೇಳಿದರೆ ಜಗಳ. ಪ್ಲಗ್ಗನ್ನು ಅವರ ಮೂಗಿನ ಹತ್ತಿರ ಹಿಡಿದೆ.

"ಇದು ಯಾರ ಎಣ್ಣಿರಿ?"

ಅವರ ಮುಖ ಅರಳಿತು. "ನಮ್ಮ ಗಾಣದ್ದ. ಅಪ್ಪಟ ಕುಸುಬಿ."

ಅಂದವರು ಎಂಜಿನ್ ಕಡೆ ನೋಡಿ ಮೀಸೆ ಮೇಲಿನ ಕೈ ಇಳಿಸಿದರು.

ಕುಸುಬಿ ಎಣ್ಣೆ ಕಾದು ಕಾದು ಅಂಟಾಗಿ ಪಿಸ್ಟನ್ನನ್ನು ಹಿಡಿದುಬಿಟ್ಟಿತ್ತು. ಸೀಮೆಎಣ್ಣೆ ಸುರಿದು ಒಂದು ದಿನ ನೆನೆಸಿ ಬಿಡಿಸಿದೆ, ಜಿಗಟು ಕೆರೆದು ಹೊಸ ರಿಂಗ್ ಹಾಕಿದೆ. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು.

"ಈ ಖಬರ ಯಾರಿಗೂ ಹೇಳಬ್ಯಾಡ್ರಿ. ನಮ್ಮ ಎಣ್ಣಿಗೆ ಇವತ್ತಿನತನಕ ಯಾರೂ ಕೆಟ್ಟೈತಿ ಅಂತ ಹೆಸರಿಟ್ಟಿಲ್ಲ," ಎಂದು ಹೋದರು.

ಮರುವಾರ ಅವರ ಗಾಣದ ಒಂದು ಡಬ್ಬಿ ಎಣ್ಣೆ ಮನೆಗೆ ಬಂತು. ಹೆಂಡತಿ ಅದರಲ್ಲೇ ಬದನೆಕಾಯಿ ಎಣಗಾಯಿ ಮಾಡಿದಳು. ಉಂಡ ಮೇಲೆ ನಾನೂ ಹೆಸರಿಡಲಿಲ್ಲ.