ಹಳೇ ಶೆಲ್ಲು ಹಾಕಿ ಕೇಳಿದ ಆಲ್ಬಮ್

ರೇಷ್ಮೆಗೂಡು ಬೇಯುವ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನಾನು ವರ್ಣಿಸುವುದಿಲ್ಲ. ಊಟಕ್ಕೆ ಕೂತಿದ್ದರೆ ನನ್ನನ್ನು ಬೈದುಕೊಳ್ಳುತ್ತೀರಿ. ಗೊತ್ತಿದ್ದರೆ ವರ್ಣನೆಯೇ ಬೇಡ. ಕಳೆದ ಭಾನುವಾರ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೊರಟಿದ್ದ ನನ್ನ ಬಸ್ಸು ಶಿಡ್ಲಘಟ್ಟದೊಳಗೆ ತಿರುಗಿದ್ದೇ ತಡ, ಕಿಟಕಿಯಿಂದ ಆ ವಾಸನೆ ನುಗ್ಗಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನನಗೋ ಕಿಸಕ್ಕೆಂದು ನಗು ಬಂತು. ಬೇರೆಯವರಿಗೆ ವಾಸನೆಯಿಂದ ಅಜ್ಜಿಯೋ ಅಡುಗೆಮನೆಯೋ ನೆನಪಾಗುತ್ತದಂತೆ. ನನಗೆ ನೆನಪಾಗುವವನು ಅಮೆರಿಕದ ಒಬ್ಬ ರ‍್ಯಾಪ್ ಹಾಡುಗಾರ.

ಹುಬ್ಬೇರಿಸಬೇಡಿ, ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಾನೂ ನಸ್ರೀನಳೂ ಶಿಡ್ಲಘಟ್ಟದ ಅಕ್ಕಪಕ್ಕದ ಬೀದಿಯವರು, ಚಿಂತಾಮಣಿಯ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ನೇತಾಡುವವರು. ಬೆಂಗಳೂರಿನಲ್ಲಿದ್ದ ಅವಳ ಚಿಕ್ಕಪ್ಪನ ಮಗ ನಕಲು ಮಾಡಿ ಕಳಿಸಿದ ಒಂದು ಹಿಪ್-ಹಾಪ್ ಗುಂಪಿನ ಕ್ಯಾಸೆಟ್ಟು ನಮ್ಮಿಬ್ಬರನ್ನೂ ಕೆಡಿಸಿಬಿಟ್ಟಿತ್ತು. ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಮನೆಯವರ ತಕರಾರೂ ಇರಲಿಲ್ಲ. ನಾವೂ ಒಂದು ಗುಂಪು ಕಟ್ಟಿದೆವು. ಗುಂಪೆಂದರೆ ಇಬ್ಬರೇ. ಮಾತು ಅವಳದು, ಬಾಯಲ್ಲಿ ತಾಳ ಹಾಕುವುದು ನನ್ನದು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಒದರಿದಾಗ ಹುಡುಗರು ಬೆಂಚು ಗುದ್ದಿದರು. ನನ್ನ ತಾಳದ ಎಂಜಲು ಮುಂದಿನ ಸಾಲಿನವರೆಗೂ ಹಾರಿತ್ತು ಎಂದು ಆಮೇಲೆ ತಿಳಿಯಿತು.

ಆ ಖುಷಿ ಆರುವ ಮೊದಲೇ ಚಿಕ್ಕಬಳ್ಳಾಪುರದಲ್ಲಿ ಅಂತರಕಾಲೇಜು ಸ್ಪರ್ಧೆ ಬಂತು. ಒಂದು ಕಾಲೇಜಿನಿಂದ ಒಬ್ಬರೇ. ಮೇಷ್ಟ್ರು ನಸ್ರೀನಳ ಹೆಸರು ಬರೆದುಕೊಂಡರು. "ಬರೀ ತಾಳಕ್ಕೆ ಅಂತ ಒಬ್ಬರನ್ನ ಕಳಿಸೋಕಾಗಲ್ಲಮ್ಮ," ಎಂದರು ನನಗೆ. "ಒಳ್ಳೇದೇ ಆಯ್ತು ಬಿಡಿ ಸಾರ್," ಎಂದು ನಕ್ಕು ಮನೆಗೆ ಬಂದೆ. ದುಃಖಕ್ಕೆ ಉಪ್ಪಿಟ್ಟು ಬೇಡವೆಂದೆ. ಆಮೇಲೆ ಎರಡು ಸಲ ಹಾಕಿಸಿಕೊಂಡು ತಿಂದೆ.

ಅದೇ ವಾರ ಹೊಸ ಕ್ಯಾಸೆಟ್ಟು ಬಂತು. ನಮ್ಮ ಮೆಚ್ಚಿನ ಗುಂಪಿನಿಂದ ಒಬ್ಬ ಹೊರಬಿದ್ದು, ಒಬ್ಬನೇ ಒಂದು ಆಲ್ಬಮ್ ಮಾಡಿದ್ದನಂತೆ. ನಸ್ರೀನ್ ಅದನ್ನು ಎದೆಗೊತ್ತಿಕೊಂಡು, "ನೋಡೇ, ಒಬ್ನೇ ಆದ್ಮೇಲೂ ಇವನು ಚೆನ್ನಾಗಿ ಹಾಡಿದ್ರೆ ನಾನೂ ಚಿಕ್ಕಬಳ್ಳಾಪುರಕ್ಕೆ ಹೋಗ್ತೀನಿ. ಇಲ್ಲಾಂದ್ರೆ ಹೆಸರು ವಾಪಸ್ ತಗೊಳ್ತೀನಿ," ಎಂದಳು. ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಅವಳ ಮನೆಯ ಹಿಂದೆಯೇ ಅವರಪ್ಪನ ನೂಲು ತೆಗೆಯುವ ಶೆಡ್ಡು. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿದ್ದರೆ ಹೆಂಗಸರು ಎಳೆ ಹಿಡಿದು ಕೈಯಲ್ಲೇ ರಾಟೆ ತಿರುಗಿಸುತ್ತಿದ್ದರು. ಅಲ್ಲೊಂದು ರೂಢಿಯಿತ್ತು: ಯಾವ ಹೊಸ ಕ್ಯಾಸೆಟ್ಟು ಬಂದರೂ ಮೊದಲು ಶೆಡ್ಡಿನಲ್ಲಿ ಹಾಕಬೇಕು, ಒಂದು ಮಗ್ಗುಲು ಮುಗಿದ ಮೇಲೆ ಎಲ್ಲರೂ ತೀರ್ಪು ಹೇಳಬೇಕು. ಆವತ್ತು ಕರೆಂಟಿರಲಿಲ್ಲ. ಟೇಪ್‌ರೆಕಾರ್ಡರಿನ ಬ್ಯಾಟರಿ ಶೆಲ್ಲುಗಳು ಸತ್ತು, ಒಂದಿಷ್ಟು ಜೀವ ಬರಲೆಂದು ತಗಡಿನ ಮೇಲೆ ಬಿಸಿಲು ಕಾಯುತ್ತಿದ್ದವು. ಹೊಸ ಶೆಲ್ಲು ತರಲು ನನ್ನನ್ನು ಅಟ್ಟಿದರು. ಓಡಿಹೋಗಿ ತಂದೆ. ತಂದದ್ದನ್ನು ಬ್ಯಾಗಿನಲ್ಲೇ ಬಿಟ್ಟು, ತಗಡಿನ ಮೇಲಿದ್ದ ಹಳೆಯವನ್ನೇ ತುಂಬಿದೆ. ಇಷ್ಟು ವರ್ಷ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅರೆಜೀವದ ಶೆಲ್ಲಿಗೆ ಟೇಪು ತೆವಳುತ್ತ ತಿರುಗಿತು, ಹಾಡುಗಾರ ಬಾಯಿ ತೆರೆದ. ಬಾವಿಯೊಳಗೆ ಕೂತು ಯೋಚಿಸಿ ಯೋಚಿಸಿ ಮಾತಾಡುವ ದನಿ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಕಾಫಿ ಕುಡಿದು ಬರಬಹುದಿತ್ತು.

ಹಿರಿಯಳಾದ ವೆಂಕಟಮ್ಮ ಮೊದಲ ತೀರ್ಪು ಕೊಟ್ಟಳು: "ಅಯ್ಯೋ ಪಾಪಮು! ಜೊತೆಗಾರ್ರನ್ನ ಬಿಟ್ಟು ಬಂದವ್ನೆ, ಗಂಟಲಲ್ಲಿ ಅನ್ನ ಇಳೀತಿಲ್ಲ ಕಣಮ್ಮ ಇವನ್ಗೆ." ಅವಳ ಪಕ್ಕದವಳು, "ಹೋದ ಕ್ಯಾಸೆಟ್ಟಿಗೆ ರಾಟೆ ತಿರುಗ್ಸಿ ನನ್ನ ರಟ್ಟೆ ಬಿದ್ದೋಗಿತ್ತು. ಇವನೇ ವಾಸಿ," ಎಂದಳು. ನಸ್ರೀನಳ ಅಪ್ಪ ಬಾಗಿಲಲ್ಲೇ ನಿಂತು ತಲೆಯಾಡಿಸಿದರು: "ಗೂಡಿನ ಮಾರ್ಕೆಟ್ಟಲ್ಲಿ ಇಷ್ಟು ನಿಧಾನ ಹರಾಜು ಕೂಗಿದ್ರೆ ಗೂಡು ಒಡ್ಕೊಂಡು ಚಿಟ್ಟೆಗಳೇ ಹಾರ್ಹೋಗ್ತವಮ್ಮ!" ಕೊನೆಗೆ ನಾನು, ಮಹಾ ವಿಮರ್ಶಕಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಗುಂಪು ಬಿಟ್ಟ ಮೇಲೆ ದನಿ ಕುಗ್ಗಿದೆ. ಒಂಟಿಯಾಗಿ ಹೋಗಬಾರದಿತ್ತು," ಎಂದೆ.

ನಸ್ರೀನ್ ಕ್ಯಾಸೆಟ್ಟು ಹಿಂದಕ್ಕೆ ಸುತ್ತಿಸಿದಳು. ಮತ್ತೆ ಹಾಕಿಸಿದಳು. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿ, "ಎಷ್ಟು ಧೈರ್ಯ ನೋಡೇ! ಅವಸರಾನೇ ಇಲ್ಲ. ಕೇಳೋರು ಕಾಯ್ಲಿ ಅಂತಾನೆ. ನಾನು ಹೋಗೋಳೇ," ಎಂದುಬಿಟ್ಟಳು. ನಾನು ತೋಡಿದ ಗುಂಡಿಯನ್ನು ಅವಳು ಆರಾಮಾಗಿ ದಾಟಿದ್ದಳು.

ಸಂಜೆ ಕ್ಯಾಸೆಟ್ಟು ಇಸಿದುಕೊಂಡು ಹೋಗಿ, ನಮ್ಮ ಮನೆಯ ಟೇಪಿಗೆ ಹೊಸ ಶೆಲ್ಲು ಹಾಕಿ ಕೇಳಿದೆ. ಆಸಾಮಿ ಕುದುರೆಯಂತೆ ಓಡುತ್ತಿದ್ದ, ನಡುನಡುವೆ ನಗುತ್ತಿದ್ದ. ನಸ್ರೀನಳೋ ಮರುದಿನದಿಂದಲೇ ಬಸ್ಸಿನಲ್ಲಿ ಆ ಬಾವಿಯ ದನಿಯನ್ನು ಅಭ್ಯಾಸ ಮಾಡತೊಡಗಿದಳು. ಹೇಳಿದರೆ ನನ್ನ ಕಳ್ಳತನ ಹೊರಬೀಳುತ್ತಿತ್ತು. ಹೇಳದಿದ್ದರೆ ಅವಳ ಮಾನ ಹೋಗುತ್ತಿತ್ತು. ಕ್ಯಾಸೆಟ್ಟು ನಮ್ಮ ಟೇಪಿಗೆ ಸಿಕ್ಕಿ ಹರಿಯಿತೆಂದು ಸುಳ್ಳು ಹೇಳಿ ನನ್ನ ಮಾನವನ್ನೇ ಉಳಿಸಿಕೊಂಡೆ.

ಚಿಕ್ಕಬಳ್ಳಾಪುರದಲ್ಲಿ ಅವಳಿಗಿಂತ ಮೊದಲು ಬಂದ ಹುಡುಗರೆಲ್ಲ ಉಸಿರುಗಟ್ಟಿ ಓಡಿದರು. ಆಮೇಲೆ ನಸ್ರೀನ್ ಬಂದಳು. ಮೈಕು ಇಳಿಸಿಕೊಂಡಳು. ಸಭೆಯನ್ನು ಒಂದು ಸುತ್ತು ನೋಡಿದಳು.

"ನೀರು ಬಿಸಿ." ತಡೆದಳು. "ಬೆರಳು ಬಿಸಿ." ಮತ್ತೆ ತಡೆದಳು. "ಚಿಂತಾಮಣಿ ಬಸ್ಸು... ಇನ್ನೂ ಬರ್ಲಿಲ್ಲ."

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹೊರಗೋಡಲು ಬಾಗಿಲು ಎಲ್ಲಿದೆಯೆಂದು ಹುಡುಕಿದೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಬರಲ್ಲ ಬಿಡಮ್ಮೋ!" ಎಂದು ಕೂಗಿದರು ನೋಡಿ, ಸಭೆಗೆ ಸಭೆಯೇ ಕಟ್ಟೆಯೊಡೆಯಿತು. ಅವಳು ಒಂದೊಂದು ಮಾತು ನಿಲ್ಲಿಸಿದಾಗಲೂ ಜನ ಮುಂದಿನದಕ್ಕೆ ಬಾಯಿ ಬಿಟ್ಟುಕೊಂಡು ಕಾದರು. ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ, ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಹೊಟ್ಟೆಕಿಚ್ಚು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಮೊದಲ ಬಹುಮಾನ ಹಿಡಿದು ಕೆಳಗಿಳಿದವಳು ಎಲ್ಲರಿಗೂ, "ನಂದೇನಿಲ್ಲಪ್ಪ, ಕ್ಯಾಸೆಟ್ ಕೇಳಿ ಕಾಪಿ ಹೊಡೆದಿದ್ದು," ಎನ್ನುತ್ತಿದ್ದಳು. ಆ ಮಾತು ಪ್ರತಿಸಲವೂ ನನ್ನನ್ನು ಚುಚ್ಚುತ್ತಿತ್ತು. ಆಮೇಲೆ ಅವಳು ಮತ್ತೆಂದೂ ವೇದಿಕೆ ಹತ್ತಲಿಲ್ಲ. ಕಾಪಿ ಹೊಡೆಯುವವಳಿಗೆ ಒಂದು ಸಲ ಸಾಕಂತೆ.

ಬಸ್ಸು ಚಿಂತಾಮಣಿ ತಲುಪಿತು. ನಾನು ಹೊರಟಿದ್ದೂ ಅವಳ ಮನೆಗೇ. ಈಗ ಅವಳದು ಅಲ್ಲೊಂದು ಹೊಲಿಗೆ ಅಂಗಡಿ. ಚಹಾ ಕೊಟ್ಟು ಕೂತವಳ ಮುಂದೆ ಮೊಬೈಲಿನಲ್ಲಿ ಅದೇ ಆಲ್ಬಮ್ ಹುಡುಕಿ ಹಾಕಿದೆ. ಆಸಾಮಿ ಓಡತೊಡಗಿದ.

"ಇದ್ಯಾರೇ? ಇವನಲ್ಲ ಅವನು," ಎಂದಳು.

"ಇವನೇ ಕಣೇ. ಅವತ್ತು ಹೊಸ ಶೆಲ್ಲು ನನ್ನ ಬ್ಯಾಗಲ್ಲಿತ್ತು. ಬೇಕಂತಲೇ ಹಾಕಲಿಲ್ಲ. ನೀನು ಒಬ್ಳೇ ಹೋಗಬಾರದು ಅಂತ."

ನಸ್ರೀನ್ ಚಹಾ ಕೆಳಗಿಟ್ಟಳು. ಬಯ್ಯುತ್ತಾಳೆ ಎಂದು ನಾನು ಸೆರಗು ಹಿಂಡುತ್ತ ಕೂತೆ. ಅವಳು ಹಾಡನ್ನು ಪೂರ್ತಿ ಕೇಳಿದಳು. ಮತ್ತೆ ಮೊದಲಿನಿಂದ ಕೇಳಿದಳು.

"ಅಂದ್ರೆ ಇವನು ಹಂಗೆ ಹಾಡೇ ಇಲ್ಲ?"

"ಇಲ್ಲ."

"ಯಾರೂ ಹಂಗೆ ಹಾಡಿರ್ಲಿಲ್ಲ?"

"ನೀನೊಬ್ಳೇ."

ಅವಳ ಮುಖ ನಿಧಾನವಾಗಿ ಅರಳಿತು, ಅವಸರವೇ ಇಲ್ಲದೆ. "ಹಾಗಾದ್ರೆ ಅದು ನಂದೇ ಕಣೇ! ಕಳ್ಳಿ, ಇಷ್ಟು ವರ್ಷ ಬಚ್ಚಿಟ್ಕೊಂಡಿದ್ಯಾ?" ಎಂದು ನನ್ನ ತೊಡೆಗೊಂದು ಬಿಟ್ಟು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಅಂಗಡಿಯ ನಡುವೆ ಎದ್ದು ನಿಂತಳು. "ತಾಳ ಹಾಕು."

ಹಾಕಿದೆ. ಎಂಜಲು ಈಗಲೂ ಹಾರುತ್ತದೆ.