ಗುಂಡಯ್ಯನ ಮೂಗು, ಪೆಟ್ಟಿಗೆಯ ಸೂಜಿ

"ಪುಡಿ ಹದಕ್ಕೆ ಬಂದಾಗ ಒಂದ್ ವಾಸ್ನೆ ಬತ್ತದೆ ಕಣ್ರಪ್ಪಾ, ಎಳೇ ಮಗೀನ ನೆತ್ತಿ ಮೂಸ್ದಂಗೆ. ಆ ಗಳಿಗೇಲೇ ಶಾಖ ತಗ್ಗಿಸ್ಬೇಕು. ಒಂದ್ ಬೀಡಿ ಸೇದೋಷ್ಟು ತಡ ಆಯ್ತೋ, ಪುಡಿ ಕೆಂಪಗಾಯ್ತು, ಯಾರೂ ಮುಟ್ಟಲ್ಲ. ಇಪ್ಪತ್ತೆರಡು ವರ್ಸ ಒಂದ್ ಹಿಡೀನೂ ಕೆಂಪು ಮಾಡ್ದೋನಲ್ಲ ನಾನು. ಅವತ್ತೂ ವಾಸ್ನೆ ಬಂತು. ಮೂಗು ಕೆಟ್ಟಿರ್ಲಿಲ್ಲ. ಕೈ ಹೋಗ್ಲಿಲ್ಲ. ಅಷ್ಟೇ ಕಣ್ರಪ್ಪಾ, ಕೈ ಹೋಗ್ಲಿಲ್ಲ."

ಜಗಲಿಗೆ ಬಂದು ಕೂತವರಿಗೆಲ್ಲ ಗುಂಡಯ್ಯ ಹೇಳುತ್ತಿದ್ದುದು ಇದನ್ನೇ. ಗುಬ್ಬಿ ರಸ್ತೆಯ ತೆಂಗಿನಕಾಯಿ ಪೌಡರ್ ಫ್ಯಾಕ್ಟರಿಯಲ್ಲಿ ಅವನು ಡ್ರೈಯರ್ ನೋಡಿಕೊಳ್ಳುತ್ತಿದ್ದ. ತುರಿದ ಹಸಿಕಾಯಿ ಬಿಸಿಗಾಳಿಯಲ್ಲಿ ಒಣಗುವಾಗ ಮೂಸಿ ನೋಡಿ, ಆವಿಯ ವಾಲ್ವು ತಿರುಗಿಸುವುದು ಅವನ ಕೆಲಸ.

ಎರಡು ಸಾವಿರದ ಆರನೇ ಇಸವಿಯಲ್ಲಿ ಯಜಮಾನ ರೇಣುಕಾಪ್ರಸಾದ್ ತುಮಕೂರಿನಿಂದ ಲಕ್ಷ್ಮೀಕಾಂತ್ ಎಂಬ ಎಂಜಿನಿಯರನ್ನು ಕರೆತಂದರು. ಅವನು ಡ್ರೈಯರಿಗೆ ಬೆರಳುದ್ದದ ಒಂದು ಸೂಜಿ ಚುಚ್ಚಿ, ವೈರು ಎಳೆದು, ಗೋಡೆಯ ಪೆಟ್ಟಿಗೆಗೆ ಸೇರಿಸಿದ. ಪೆಟ್ಟಿಗೆಯಿಂದ ಫೋನ್ ಲೈನು ಸದಾಶಿವನಗರದ ಯಜಮಾನರ ಮನೆಗೆ.

"ಹೆಬ್ಬೂರಲ್ಲಿ ಹಾಲಿನ ಟ್ಯಾಂಕಿಗೂ ಇದೇ ಸೂಜಿ, ಕುಣಿಗಲ್ ಕಡೆ ಕೋಳಿ ಫಾರಮ್ಮಿಗೂ ಇದೇ," ಎಂದ ಲಕ್ಷ್ಮೀಕಾಂತ್. "ಶಾಖ ಎಷ್ಟು ಅಂತ ಸಾಹೇಬ್ರು ಮನೇಲೇ ಕೂತು ನೋಡ್ತಾರೆ."

"ಇನ್ಮೇಲೆ ವಾಲ್ವು ಪೆಟ್ಟಿಗೆ ನೋಡ್ಕೊಳ್ತದೆ," ಎಂದರು ಯಜಮಾನರು. "ನೀನು ಮುಟ್ಟಿದ್ರೆ ಮನೆಗೆ ಹೋಗ್ಬೇಕಾಗ್ತದೆ, ಗುಂಡಯ್ಯ."

ಸೂಜಿ ಹೇಳಿದಂತೆ ಪೆಟ್ಟಿಗೆ ವಾಲ್ವು ತೆರೆಯುತ್ತದೆ ಎಂಬುದನ್ನು ಮಾತ್ರ ಯಾರೂ ಅವನಿಗೆ ಬಿಡಿಸಿ ಹೇಳಲಿಲ್ಲ. ಸೂಜಿ ಇರುವುದು ಯಜಮಾನರಿಗೆ ಸುದ್ದಿ ಮುಟ್ಟಿಸಲು ಎಂದೇ ಅವನು ತಿಳಿದ.

ಆಯುಧಪೂಜೆ ಬಂತು. ಗುಂಡಯ್ಯ ಸೂಜಿಯನ್ನು ಡ್ರೈಯರಿನಿಂದ ಹೊರಗೆಳೆದು ತೊಳೆದು, ಪೆಟ್ಟಿಗೆಯ ವೈರು ಬಿಚ್ಚದೆ ಹಾಗೇ ಚೆನ್ನಬಸವೇಶ್ವರನ ಪಟದ ಮುಂದೆ ತಟ್ಟೆಯಲ್ಲಿಟ್ಟು ವಿಭೂತಿ ಬಳಿದು ಹೂವು ಏರಿಸಿದ.

"ಸೂಜಿಗೂ ಹೂವಾ ಗುಂಡಣ್ಣ?" ಎಂದಳು ಕಾಯಿ ಹೆರೆಯುವ ಭದ್ರಮ್ಮ. "ಬರೋ ವರ್ಸ ಸೀರೇನೂ ಉಡ್ಸ್ಬುಡು!"

"ಮೊದ್ಲು ನಿನ್ ಬಾಯಿಗೆ ಪೂಜೆ ಮಾಡ್ಬೇಕು, ಸುಮ್ಕಿರು."

ಮಧ್ಯಾಹ್ನ ಯಜಮಾನರ ಫೋನು: ನಾಳೆ ಲೋಡು ಹೋಗಬೇಕು, ಡ್ರೈಯರ್ ಹಾಕು. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಕದಲಿಸುವವರೆಗೆ ಎತ್ತಬಾರದು. ಸೂಜಿ ಇಲ್ಲದೆ ಇಷ್ಟು ವರ್ಷ ಓಡಿಸಿಲ್ಲವೇ ಎಂದುಕೊಂಡು ಗುಂಡಯ್ಯ ಕೈಮುಗಿದು ಸ್ವಿಚ್ಚು ಹಾಕಿದ.

ಅರ್ಧ ಗಂಟೆಗೆ ಹದದ ವಾಸನೆ ಬಂತು. ಪೆಟ್ಟಿಗೆ ವಾಲ್ವು ಮುಚ್ಚಲಿಲ್ಲ, ಇನ್ನಷ್ಟು ತೆರೆಯಿತು. ಅವನ ಕೈ ಮೇಲೆದ್ದು ನಿಂತಿತು.

"ಸೀದೋಯ್ತದೆ ಕಣಣ್ಣ, ತಿರುಗ್ಸು!" ಎಂದು ಭದ್ರಮ್ಮ ಕೂಗಿದಳು.

"ಮುಟ್ಟಿದ್ರೆ ಮನೆಗೆ ಅಂದವ್ರೆ ಕಣವ್ವಾ."

ಯಜಮಾನರಿಗೆ ಫೋನ್ ಮಾಡಲು ಓಡಿದ. ಅತ್ತ ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮೂರು ಸಲ ಮಾಡಿದ. ಕೊನೆಗೆ ತಾನೇ ವಾಲ್ವು ಮುಚ್ಚುವಾಗ ಪುಡಿಯೆಲ್ಲ ಇಟ್ಟಿಗೆ ಬಣ್ಣವಾಗಿತ್ತು.

ಮರುದಿನ ಲಕ್ಷ್ಮೀಕಾಂತ್ ಹೂವಿನಡಿ ಸೂಜಿ ಕಂಡು ತಲೆ ಚಚ್ಚಿಕೊಂಡ. "ತಟ್ಟೇಲಿ ಕೂತ್ಕೊಂಡು ಇದು ತಣ್ಣಗೈತೆ ತಣ್ಣಗೈತೆ ಅಂತಿತ್ತು ಕಣಯ್ಯಾ. ಪೆಟ್ಟಿಗೆ ಶಾಖ ಏರಿಸ್ತಾ ಹೋಯ್ತು."

ಯಜಮಾನರು ಬೈಯಲಿಲ್ಲ. "ನಿಂಗೆ ವಾಸ್ನೆ ಬರ್ಲಿಲ್ವಾ?" ಎಂದರು.

"ಬಂತು ಬುದ್ದಿ."

"ಬಂದ್ರೂ ಸುಮ್ನಿದ್ದೆ. ಮತ್ತೆ ನೀನ್ಯಾಕೆ ಇಲ್ಲಿ?"

ಅವತ್ತೇ ಗುಂಡಯ್ಯನ ಕೆಲಸ ಹೋಯಿತು. ಬೇರೆ ಫ್ಯಾಕ್ಟರಿಗಳಿಗೆ ಹೋಗಿ ಕೇಳಿದ. ಅಲ್ಲೂ ಗೋಡೆಗೆ ಪೆಟ್ಟಿಗೆ ಬಂದಿತ್ತು. ಈಗ ಹೆಂಡತಿ ಸಿದ್ದಗಂಗಮ್ಮ ಅದೇ ಯಜಮಾನರ ಹತ್ತಿರ ಕಾಯಿ ಹೆರೆಯಲು ಹೋಗುತ್ತಾಳೆ. ಬೆಳಿಗ್ಗೆ ಏಳರ ಬಸ್ಸಿಗೆ ಅವಳನ್ನು ಹತ್ತಿಸಿ ಬಂದು, ಅವನು ಬೀದಿ ನಲ್ಲಿಯ ಸಾಲಿನಲ್ಲಿ ಹೆಂಗಸರ ಹಿಂದೆ ಕೊಡ ಇಟ್ಟು ನಿಲ್ಲುತ್ತಾನೆ. ಸರದಿ ಬಂದಾಗ ಕೊಡ ಗಲಬರಿಸಿ ಚೆಲ್ಲಿ, ಅದರ ಬಾಯಿಗೆ ಸೋಸುವ ಬಟ್ಟೆ ಕಟ್ಟಿ, ನಲ್ಲಿ ತಿರುಗಿಸಿ ನೀರು ಹಿಡಿಯುತ್ತಾನೆ.